ಬಳ್ಳಾರಿಗೆ ಬಂದ ಉಗಿಬಂಡಿ

ಪ್ರವೇಶ

ರೈಲುದಾರಿ ಕಬ್ಬಿಣ ಮತ್ತು ಮರದ ದಿಮ್ಮಿಗಳಿಂದ ಮಾತ್ರ ಆಗುವುದಿಲ್ಲ. ಅದಕ್ಕೆ ಅಪಾರವಾದ ಹಣ ಬೇಕು. ಹಣ ತೊಡಗಿಸುವವರಿಗೆ ಧೈರ್ಯ ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿ ಸೀಮೆಗೆ ರೈಲು ಬಂದಾಗ ಆ ಹಣವನ್ನು ಯಾರು ಹಾಕಿದರು, ಆ ಧೈರ್ಯವನ್ನು ಯಾರು ಕೊಟ್ಟರು, ನಷ್ಟವಾದಾಗ ಅದರ ಭಾರವನ್ನು ಯಾರು ಹೊತ್ತರು ಎಂಬುದನ್ನು ಈ ಪಾಠವು ವಿವರಿಸುತ್ತದೆ.

ಪಾಠ

ಬಳ್ಳಾರಿಯ ಕೋಟೆಗುಡ್ಡವನ್ನೇರಿ ನಿಂತರೆ ಸುತ್ತಲೂ ಕಾಣುವುದು ವಿಶಾಲವಾದ ಎರೆಯ ಬಯಲು. ಅಲ್ಲಲ್ಲಿ ಯಾರೋ ಬಂಡೆಗಳನ್ನು ರಾಶಿ ಹಾಕಿದಂತೆ ಎದ್ದುನಿಂತಿರುವ ಬೋಳುಗುಡ್ಡಗಳು. ವಾಯವ್ಯ ದಿಕ್ಕಿನಲ್ಲಿ ಕುರುಗೋಡಿನ ಬೆಟ್ಟಸಾಲು. ಉತ್ತರಕ್ಕೆ ಇನ್ನೂ ದೂರದಲ್ಲಿ ಸಿರುಗುಪ್ಪದ ಗದ್ದೆಗಳು. ಅವಕ್ಕೆ ನೀರೂಡುವ ತುಂಗಭದ್ರೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 20 ಅಂಗುಲ ಮಾತ್ರ. ಅದೂ ಹೇಳಿದ ಕಾಲಕ್ಕೆ ಬರುವುದೆಂಬ ನಂಬಿಕೆಯಿಲ್ಲ. ಮಳೆ ಬಂದ ವರ್ಷ ಎರೆನೆಲವು ಜೋಳವನ್ನೂ ಹತ್ತಿಯನ್ನೂ ಧಾರಾಳವಾಗಿ ಕೊಡುತ್ತದೆ. ಮಳೆ ತಪ್ಪಿದರೆ ಅದೇ ನೆಲ ಬಾಯಿಬಿಟ್ಟು ಬಿರಿಯುತ್ತದೆ.

1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಬಳ್ಳಾರಿ, ಅನಂತಪುರ, ಕಡಪ ಮುಂತಾದ ಭಾಗಗಳಿಗೆ ದತ್ತಮಂಡಲವೆಂಬ ಹೆಸರು ಬಂದಿತು. ಅದರ ಮೊದಲ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಹೊಲಗಳನ್ನು ಅಳೆಯಿಸಿ ರೈತನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಈ ಸಂಗತಿಯನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ರೈಲಿನ ಲೆಕ್ಕ ಬಂದಾಗ ಸರ್ಕಾರದ ಬೊಕ್ಕಸವೆಂದರೆ ಬಹುಮಟ್ಟಿಗೆ ಈ ರೈತನು ಕಟ್ಟಿದ ಕಂದಾಯವೇ ಆಗಿತ್ತು.

ರೈಲು ಬರುವ ಮೊದಲು ಈ ಸೀಮೆಯ ವ್ಯಾಪಾರವೆಲ್ಲ ಎತ್ತಿನ ಬೆನ್ನಿನ ಮೇಲೆ ನಡೆಯುತ್ತಿತ್ತು. ಲಂಬಾಣಿಗಳು ನೂರಾರು ಹೇರೆತ್ತುಗಳ ಸಾಲನ್ನು ಹೊಡೆದುಕೊಂಡು ಕರಾವಳಿಯಿಂದ ಉಪ್ಪನ್ನು ತರುತ್ತಿದ್ದರು. ಇಲ್ಲಿಂದ ಧಾನ್ಯವನ್ನೂ ಹತ್ತಿಯನ್ನೂ ಒಯ್ಯುತ್ತಿದ್ದರು. ರಸ್ತೆಯಿದ್ದಲ್ಲಿ ಬಂಡಿಗಳು ಹೋಗುತ್ತಿದ್ದುವು. ಬಳ್ಳಾರಿಯಿಂದ ಮದರಾಸಿಗೆ ರೈಲಿನ ದಾರಿಯಲ್ಲಿ 305 ಮೈಲಿ. ತುಂಬಿದ ಬಂಡಿಯೊಂದು ದಿನಕ್ಕೆ 12 ಮೈಲಿ ನಡೆಯಿತೆಂದು ಇಟ್ಟುಕೊಂಡರೂ ಅಷ್ಟು ದೂರ ಹೋಗಲು 25 ದಿನಗಳಿಗೂ ಹೆಚ್ಚು ಬೇಕು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ಹಿಡಿದುಕೊಂಡರೆ ದಿನಕ್ಕೆ ಒಂದು ಹರದಾರಿ ಸಾಗುವುದೂ ಕಷ್ಟ. ದಾರಿಯ ಧೂಳು ತಿಂದ ಹತ್ತಿ ರೇವನ್ನು ಮುಟ್ಟುವ ಹೊತ್ತಿಗೆ ಬಣ್ಣಗೆಟ್ಟಿರುತ್ತಿತ್ತು. ಎತ್ತುಗಳಿಗೆ ದಾರಿಯಲ್ಲಿ ಮೇವು ನೀರು ದೊರೆಯಬೇಕು. ಬರಗಾಲದಲ್ಲಿ ಅವೆರಡೂ ಇರುವುದಿಲ್ಲ. ಹೀಗೆ ಧಾನ್ಯವು ಅತ್ಯಗತ್ಯವಾದ ಕಾಲದಲ್ಲಿಯೇ ಅದನ್ನು ತರುವ ಸಾಧನವು ಕೈಕೊಡುತ್ತಿತ್ತು.

ಆದರೆ ರೈಲು ಹಾಕಬೇಕೆಂಬ ಯೋಚನೆ ಮೊದಲು ಹುಟ್ಟಿದ್ದು ಹಸಿದವರ ಅಗತ್ಯದಿಂದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬೇಕಾಗಿತ್ತು. ಅವುಗಳು ಬಹುತೇಕ ಅಮೆರಿಕದ ಹತ್ತಿಯನ್ನೇ ನಂಬಿಕೊಂಡಿದ್ದುವು. ಆ ಅವಲಂಬನೆ ಗಿರಣಿಯ ಒಡೆಯರಿಗೆ ಅಳುಕನ್ನುಂಟುಮಾಡಿತ್ತು. ಬಳ್ಳಾರಿಯಂಥ ಎರೆಸೀಮೆಯ ಹತ್ತಿ ಸುಲಭವಾಗಿ ರೇವನ್ನು ಮುಟ್ಟಿದರೆ ಅವರಿಗೆ ಲಾಭ. ಇನ್ನೊಂದು ಕಡೆ ಸರ್ಕಾರಕ್ಕೆ ಸೈನ್ಯವನ್ನು ಬೇಗನೆ ಸಾಗಿಸುವ ದಾರಿ ಬೇಕಾಗಿತ್ತು. ಬಳ್ಳಾರಿಯು ದೊಡ್ಡ ದಂಡಿನ ಠಾಣ್ಯವಾಗಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿಯು 1853ರಲ್ಲಿ ಬರೆದ ಪ್ರಸಿದ್ಧ ಟಿಪ್ಪಣಿಯಲ್ಲಿ ಈ ಎರಡೂ ಪ್ರಯೋಜನಗಳನ್ನು ಎತ್ತಿ ಹೇಳಿ, ಪ್ರಾಂತಗಳನ್ನು ಜೋಡಿಸುವ ಹೆದ್ದಾರಿಗಳಂತೆ ರೈಲುದಾರಿಗಳನ್ನು ಹಾಕಬೇಕೆಂದು ವಾದಿಸಿದನು. ಅದೇ ವರ್ಷ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು.

ಬಯಕೆ ಇದ್ದರೆ ಸಾಲದು, ಹಣ ಬೇಕು. ಆ ಕಾಲದಲ್ಲಿ ಬೇರೆ ದೇಶಗಳು ಈ ಸಮಸ್ಯೆಯನ್ನು ಬೇರೆ ಬೇರೆ ಬಗೆಯಲ್ಲಿ ಬಿಡಿಸಿಕೊಂಡಿದ್ದುವು. ಇಂಗ್ಲೆಂಡಿನಲ್ಲಿ ಖಾಸಗಿ ಷೇರುದಾರರು ತಮ್ಮ ಹೊಣೆಯ ಮೇಲೆಯೇ ಹಣ ಹೂಡಿದರು. ಲಾಭ ಬಂದವರು ಸಿರಿವಂತರಾದರು, ನಷ್ಟ ಬಂದವರು ಮುಳುಗಿದರು. ಅಮೆರಿಕದಲ್ಲಿ 1862ರ ಶಾಸನದಂತೆ ಪೆಸಿಫಿಕ್ ಕಡಲಿನತ್ತ ದಾರಿ ಹಾಕುವ ಕಂಪನಿಗಳಿಗೆ ಸರ್ಕಾರವು ದಾರಿಯ ಎರಡು ಬದಿಯ ಭೂಮಿಯನ್ನು ದಾನವಾಗಿ ಕೊಟ್ಟು, ಸಾಲಪತ್ರಗಳ ನೆರವನ್ನೂ ನೀಡಿತು. ಭಾರತದಲ್ಲಿ ನಡೆದುದು ಮೂರನೆಯ ಬಗೆ. ಲಂಡನ್ನಿನ ಹಣವಂತರು ಎಲ್ಲಿಯೋ ದೂರದ, ತಾವು ಕಾಣದ ದೇಶದಲ್ಲಿ ಹಣ ಹಾಕಲು ಹಿಂಜರಿದರು. ಅವರ ಹಿಂಜರಿಕೆಯನ್ನು ಹೋಗಲಾಡಿಸಲು ಸರ್ಕಾರವು ಬಡ್ಡಿಯ ಖಾತರಿಯನ್ನು ಕೊಟ್ಟಿತು. ಇದನ್ನೇ ಖಾತರಿ ಪದ್ಧತಿ ಎನ್ನುತ್ತಾರೆ.

ಈ ಪದ್ಧತಿಯ ನಿಯಮಗಳು ಹೀಗಿದ್ದುವು. ರೈಲುದಾರಿಗೆ ಬೇಕಾದ ಭೂಮಿಯನ್ನು ಸರ್ಕಾರವು 99 ವರ್ಷಗಳ ಅವಧಿಗೆ ಕಂಪನಿಗೆ ಬೆಲೆಯಿಲ್ಲದೆ ಕೊಡುವುದು. ಕಂಪನಿಯು ತೊಡಗಿಸಿದ ಬಂಡವಾಳಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡ 5ರಂತೆ ಬಡ್ಡಿ ಬರುವುದೆಂದು ಸರ್ಕಾರ ಹೊಣೆ ನಿಲ್ಲುವುದು. ಕಂಪನಿಯ ಆದಾಯ ಅಷ್ಟು ಬಾರದಿದ್ದರೆ ಕಡಮೆಯಾದ ಹಣವನ್ನು ಬೊಕ್ಕಸದಿಂದ ತುಂಬಿಕೊಡುವುದು. ಆದಾಯ ಶೇಕಡ 5ನ್ನು ಮೀರಿದರೆ ಮೀರಿದ ಭಾಗದಲ್ಲಿ ಅರ್ಧವನ್ನು ಸರ್ಕಾರವು ಹಿಂದೆ ತುಂಬಿಕೊಟ್ಟ ಹಣಕ್ಕೆ ಜಮಾ ಮಾಡಿಕೊಳ್ಳುವುದು. ಉಳಿದರ್ಧ ಷೇರುದಾರರಿಗೆ ಸಲ್ಲುವುದು. ಇವುಗಳಿಗೆ ಪ್ರತಿಯಾಗಿ ಕಂಪನಿಯು ಅಂಚೆಯನ್ನು ಬಾಡಿಗೆಯಿಲ್ಲದೆ ಸಾಗಿಸಬೇಕು. ಸೈನಿಕರನ್ನು ಕಡಮೆ ದರದಲ್ಲಿ ಒಯ್ಯಬೇಕು. ಸರ್ಕಾರದ ಇಂಜಿನಿಯರರ ಮೇಲ್ವಿಚಾರಣೆಗೆ ಒಳಪಡಬೇಕು. ಗೊತ್ತುಪಡಿಸಿದ ವರ್ಷಗಳು ಕಳೆದ ಮೇಲೆ ದಾರಿಯನ್ನು ಕೊಂಡುಕೊಳ್ಳುವ ಹಕ್ಕು ಸರ್ಕಾರಕ್ಕಿತ್ತು.

ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಬ್ಬನು 100 ರೂಪಾಯಿಯನ್ನು ಕಂಪನಿಯಲ್ಲಿ ಹಾಕಿದನೆನ್ನೋಣ. ಆ ವರ್ಷ ಅದರ ಮೇಲೆ ಕಂಪನಿ ಗಳಿಸಿದ್ದು 3 ರೂಪಾಯಿಯಾದರೆ ಉಳಿದ 2 ರೂಪಾಯಿಯನ್ನು ಸರ್ಕಾರ ಕೊಡಬೇಕು. ಏನೂ ಗಳಿಸದಿದ್ದರೆ 5 ರೂಪಾಯಿಯನ್ನೂ ಸರ್ಕಾರವೇ ಕೊಡಬೇಕು. 7 ರೂಪಾಯಿ ಗಳಿಸಿದರೆ ಮಾತ್ರ ಹೆಚ್ಚಿನ 2 ರೂಪಾಯಿಯಲ್ಲಿ 1 ರೂಪಾಯಿ ಸರ್ಕಾರಕ್ಕೆ ಹಿಂದಿರುಗುವುದು. ಹಣ ಹಾಕಿದವನಿಗೆ 5 ರೂಪಾಯಿಗಿಂತ ಕಡಮೆಯೆಂಬುದೇ ಇಲ್ಲ. ವ್ಯಾಪಾರದಲ್ಲಿ ಲಾಭದ ಜೊತೆಗೆ ನಷ್ಟದ ಅಂಜಿಕೆಯೂ ಇರುವುದು ಲೋಕದ ರೂಢಿ. ಇಲ್ಲಿ ಲಾಭ ಒಬ್ಬನ ಪಾಲಿಗೆ, ಅಂಜಿಕೆ ಇನ್ನೊಬ್ಬನ ಪಾಲಿಗೆ ಎಂದಾಯಿತು.

ಇಂಥ ಖಾತರಿಯನ್ನು ಪಡೆದ ಕಂಪನಿಗಳಲ್ಲಿ ಮದರಾಸು ರೈಲ್ವೆ ಕಂಪನಿಯೂ ಒಂದು. ಅದರ ಮೊದಲ ದಾರಿ 1856ರ ಜುಲೈ 1ರಂದು ಮದರಾಸಿನ ರಾಯಪುರದಿಂದ ವಾಲಾಜಾ ರಸ್ತೆಯವರೆಗೆ ತೆರೆಯಿತು. ಅದು ಪಶ್ಚಿಮ ಕರಾವಳಿಯವರೆಗೆ ಹಬ್ಬಿದ ಮೇಲೆ ಕಂಪನಿಯು ಅರಕ್ಕೋಣದಿಂದ ವಾಯವ್ಯ ದಿಕ್ಕಿಗೆ ಇನ್ನೊಂದು ದಾರಿಯನ್ನು ಹಾಕಿತು. ಕಡಪ, ಗುತ್ತಿ, ಗುಂತಕಲ್ಲು, ಆದವಾನಿಗಳನ್ನು ದಾಟಿ, ತುಂಗಭದ್ರೆಯ ಮೇಲೆ ಸೇತುವೆಯನ್ನು ಕಟ್ಟಿ, 1871ರಲ್ಲಿ ಈ ದಾರಿಯು ರಾಯಚೂರಿನಲ್ಲಿ ಮುಂಬಯಿಯ ಕಡೆಯಿಂದ ಬಂದ ದಾರಿಯನ್ನು ಕೂಡಿಕೊಂಡಿತು. ಮದರಾಸು ಮುಂಬಯಿಗಳ ನಡುವೆ ರೈಲು ಸಂಪರ್ಕ ಏರ್ಪಟ್ಟಿತು. ಮುಖ್ಯದಾರಿಯು ಬಳ್ಳಾರಿ ನಗರವನ್ನು ಮುಟ್ಟಲಿಲ್ಲ. ಗುಂತಕಲ್ಲಿನಿಂದ ಸುಮಾರು 30 ಮೈಲಿ ಉದ್ದದ ಕವಲುದಾರಿಯೊಂದು ಬಳ್ಳಾರಿಗೆ ಬಂದಿತು. ಅಂದು ಗುಂತಕಲ್ಲು, ಆದವಾನಿಗಳೂ ಬಳ್ಳಾರಿ ಜಿಲ್ಲೆಯೊಳಗೇ ಇದ್ದುವು. ಅನಂತಪುರವು ಬೇರೆ ಜಿಲ್ಲೆಯಾದದ್ದು 1882ರಲ್ಲಿ.

ತಿಂಗಳ ದಾರಿಯು ಒಂದೆರಡು ದಿನದ ದಾರಿಯಾಯಿತು. ಹತ್ತಿಯ ವ್ಯಾಪಾರ ಬೆಳೆಯಿತು. ಬಳ್ಳಾರಿ ಕಡೆಯ ಹತ್ತಿಗೆ ಪೇಟೆಯಲ್ಲಿ 'ವೆಸ್ಟರ್ನ್ಸ್' ಎಂಬ ಹೆಸರಿತ್ತು. ಹತ್ತಿಯನ್ನು ಅರೆದು, ಒತ್ತಿ, ಬೇಲು ಕಟ್ಟುವ ಕಾರ್ಖಾನೆಗಳು ನಿಲ್ದಾಣವಿದ್ದ ಊರುಗಳಲ್ಲಿ ತಲೆಯೆತ್ತಿದುವು. ಉಪ್ಪು, ಬಟ್ಟೆ, ಸೀಮೆಎಣ್ಣೆಗಳು ಒಳನಾಡಿಗೆ ಸುಲಭವಾಗಿ ಬಂದುವು. ಆದರೆ ಒಂದು ಕಡೆ ಹೊಸ ದುಡಿಮೆ ಹುಟ್ಟಿದಂತೆ ಇನ್ನೊಂದು ಕಡೆ ಹಳೆಯ ದುಡಿಮೆ ಅಳಿಯಿತು. ಉಗಿಬಂಡಿಯ ಮುಂದೆ ಹೇರೆತ್ತು ನಿಲ್ಲಲಾರದಾಯಿತು. ತಲೆತಲಾಂತರದಿಂದ ಸಾಗಾಟವನ್ನೇ ನಂಬಿದ್ದ ಲಂಬಾಣಿಗಳು ಜೀವನಕ್ಕೆ ಬೇರೆ ದಾರಿಯನ್ನು ಹುಡುಕಬೇಕಾಯಿತು. ಹೊರಗಿನ ಗಿರಣಿಯ ಬಟ್ಟೆ ಅಗ್ಗವಾಗಿ ಬಂದುದರಿಂದ ಊರೂರಿನ ನೇಕಾರರ ಮಗ್ಗಗಳಿಗೂ ಪೆಟ್ಟು ತಗಲಿತು.

ಬೊಕ್ಕಸದ ಕಡೆಯ ಲೆಕ್ಕವೂ ಹಿತವಾಗಿರಲಿಲ್ಲ. ಎಷ್ಟು ಖರ್ಚು ಮಾಡಿದರೂ ಅದರ ಮೇಲೆ ಬಡ್ಡಿ ಬಂದೇ ಬರುವುದೆಂದಾಗ ಮಿತವ್ಯಯಕ್ಕೆ ಕಾರಣವೇ ಇರುವುದಿಲ್ಲ. ದೇಶದ ಹಲವು ಖಾತರಿ ಮಾರ್ಗಗಳಲ್ಲಿ ವೆಚ್ಚವು ಮೊದಲ ಅಂದಾಜಿನ ಎರಡರಷ್ಟಕ್ಕೆ ಏರಿತು. ಆದಾಯವಾದರೋ ಮೊದಲ ಹಲವು ವರ್ಷಗಳು ಶೇಕಡ 5ನ್ನು ಮುಟ್ಟಲಿಲ್ಲ. ವರ್ಷವರ್ಷವೂ ಕೊರತೆಯನ್ನು ಸರ್ಕಾರ ತುಂಬಿತು. ಇದರ ಜೊತೆಗೆ ಇನ್ನೊಂದು ತೊಡಕು ಸೇರಿತು. ಬಡ್ಡಿಯನ್ನು ಲಂಡನ್ನಿನಲ್ಲಿ ಪೌಂಡುಗಳ ರೂಪದಲ್ಲಿ ಕೊಡಬೇಕಾಗಿತ್ತು. 1871ರ ಸುಮಾರಿನಲ್ಲಿ ಒಂದು ಪೌಂಡಿಗೆ ಸುಮಾರು 10 ರೂಪಾಯಿ ಸಾಕಾಗುತ್ತಿತ್ತು. ಬೆಳ್ಳಿಯ ಬೆಲೆ ಕುಸಿದುದರಿಂದ ಆ ಶತಮಾನದ ಕೊನೆಯ ಹೊತ್ತಿಗೆ 15 ರೂಪಾಯಿ ಬೇಕಾಯಿತು. ಬಡ್ಡಿಯ ದರ ಏರದಿದ್ದರೂ ಬಡ್ಡಿಯ ಭಾರ ಒಂದೂವರೆ ಪಟ್ಟಾಯಿತು. ಕುರುಗೋಡಿನ ಒಕ್ಕಲಿಗನು ಷೇರು ಎಂಬ ಮಾತನ್ನೇ ಕೇಳಿರಲಾರನು. ಆದರೂ ಅವನು ಚಾವಡಿಯಲ್ಲಿ ಎಣಿಸಿಕೊಟ್ಟ ಕಂದಾಯದ ಒಂದು ಪಾಲು ಲಂಡನ್ನಿನ ಷೇರುದಾರನ ಬಡ್ಡಿಯಾಗಿ ಕಡಲನ್ನು ದಾಟುತ್ತಿತ್ತು.

ಹೀಗಿರುವಾಗ 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಭೀಕರ ಬರದ ನೆನಪು ನಮ್ಮ ನಾಡಿನ ಮುದುಕರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ರೈಲಿನ ನಿಜವಾದ ಪರೀಕ್ಷೆ ನಡೆದದ್ದು ಆಗ. ರೈಲಿದ್ದರೆ ಬರವಿಲ್ಲ ಎಂದು ಹಲವರು ನಂಬಿದ್ದರು. ಬಂಗಾಳ ಬರ್ಮಾಗಳ ಕಡೆಯಿಂದ ಹಡಗುಗಳಲ್ಲಿ ಮದರಾಸಿಗೆ ಬಂದ ಧಾನ್ಯವು ರೈಲಿನ ಮೂಲಕ ಒಳನಾಡಿಗೆ ಬಂದದ್ದು ನಿಜ. ರೈಲು ಇಲ್ಲದಿದ್ದರೆ ಅಷ್ಟು ಧಾನ್ಯವೂ ಬರುತ್ತಿರಲಿಲ್ಲ. ಆದರೆ ರೈಲು ನಿಲ್ದಾಣದಲ್ಲಿ ನಿಲ್ಲುತ್ತದೆ, ಹಸಿವು ಹಳ್ಳಿಯಲ್ಲಿರುತ್ತದೆ. ಬಳ್ಳಾರಿಯಿಂದ ಕುರುಗೋಡು 15 ಮೈಲಿಗೂ ಹೆಚ್ಚು, ಸಿರುಗುಪ್ಪ 30 ಮೈಲಿಗೂ ಹೆಚ್ಚು. ಅಷ್ಟು ದೂರ ಧಾನ್ಯವನ್ನು ಸಾಗಿಸಬೇಕಾದ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದುವು. ಧಾನ್ಯ ಬಂದ ಕಡೆಯೂ ಅದರ ಬೆಲೆ ಬಡವರ ಕೈಗೆ ಎಟುಕುವಂತಿರಲಿಲ್ಲ. ಬೆಳೆ ಹೋದ ಮೇಲೆ ಕೂಲಿಯೂ ಹೋಗಿತ್ತು. ಕೈಯಲ್ಲಿ ಕಾಸಿಲ್ಲದವನಿಗೆ ನಿಲ್ದಾಣದ ಮೂಟೆಗಳಿಂದ ಏನು ಪ್ರಯೋಜನ? ಸರ್ಕಾರವು ವ್ಯಾಪಾರದಲ್ಲಿ ಕೈಹಾಕಬಾರದೆಂಬ ನೀತಿಯನ್ನು ಬಿಡಲಿಲ್ಲ. ಅದೇ ವರ್ಷಗಳಲ್ಲಿ ದೇಶದಿಂದ ಧಾನ್ಯದ ರಫ್ತೂ ನಿಲ್ಲಲಿಲ್ಲ. ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವವರ ಕೂಲಿಯನ್ನು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ದಿನಕ್ಕೆ ಒಂದು ಪೌಂಡ್ ಧಾನ್ಯದ ಆಧಾರದ ಮೇಲೆ ಇಳಿಸಿದಾಗ, ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅದು ದೇಹವನ್ನು ಉಳಿಸಲು ಸಾಲದೆಂದು ಪ್ರತಿಭಟಿಸಿದನು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕಡಮೆಯಾಗಿತ್ತು. ಐವರು ಇದ್ದ ಮನೆಯಲ್ಲಿ ಒಬ್ಬರು ಇಲ್ಲವಾದರೆಂದರೆ ಆ ದುಃಖದ ಅಳತೆ ನಮಗೆ ಸ್ವಲ್ಪ ತಿಳಿದೀತು.

ಈ ಬರದ ಬಳಿಕ ಸರ್ಕಾರವು ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗವನ್ನು ನೇಮಿಸಿತು. 1880ರಲ್ಲಿ ಅದು ತನ್ನ ವರದಿಯನ್ನು ಒಪ್ಪಿಸಿತು. ಬರಪೀಡಿತ ಪ್ರದೇಶಗಳಿಗೆ ರೈಲುದಾರಿಗಳನ್ನು ಬೇಗನೆ ಹಾಕಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಆದಾಯ ಬರಲಿ ಬಾರದಿರಲಿ, ಜನರನ್ನು ಉಳಿಸುವುದಕ್ಕಾಗಿಯೇ ಹಾಕುವ ಇಂಥ ಮಾರ್ಗಗಳಿಗೆ ರಕ್ಷಣಾ ಮಾರ್ಗಗಳೆಂಬ ಹೆಸರು ಬಂದಿತು. 1882ರಲ್ಲಿ ಸ್ಥಾಪಿತವಾದ ಸದರನ್ ಮರಾಠಾ ರೈಲ್ವೆ ಕಂಪನಿಯು ಈ ಉದ್ದೇಶದಿಂದ ಹುಟ್ಟಿದ್ದು. ಅದು 1884ರಲ್ಲಿ ಹೋಟಗಿ ಗದಗಗಳ ನಡುವೆ ದಾರಿಯನ್ನು ತೆರೆಯಿತು. ಮುಂದೆ ಗದಗಿನಿಂದ ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೂಲಕ ಗುಂತಕಲ್ಲಿಗೂ, ಹುಬ್ಬಳ್ಳಿ ಲೋಂಡಾಗಳ ಮೂಲಕ ಗೋವೆಯ ಗಡಿಗೂ ಅದರ ಜಾಲ ಹಬ್ಬಿತು. 1890ರ ಹೊತ್ತಿಗೆ ಬಳ್ಳಾರಿಯು ಪಶ್ಚಿಮದ ಮುರ್ಮಗೋವಾ ಬಂದರನ್ನೂ ಪೂರ್ವದ ಬೆಜವಾಡವನ್ನೂ ಜೋಡಿಸುವ ದಾರಿಯ ನಡುವಣ ಊರಾಗಿತ್ತು. ಕವಲಿನ ಕೊನೆಯಲ್ಲಿದ್ದ ಊರು ಹೆದ್ದಾರಿಯ ನಡುವಿಗೆ ಬಂದಂತಾಯಿತು.

ಈ ಹೊಸ ಕಂಪನಿಗೂ ಸರ್ಕಾರದ ಖಾತರಿಯಿತ್ತು. ಆದರೆ ಹಿಂದಿನ ಅನುಭವದಿಂದ ಸರ್ಕಾರ ಸ್ವಲ್ಪ ಪಾಠ ಕಲಿತಿತ್ತು. ಬಡ್ಡಿಯ ದರ ಹಿಂದಿನದಕ್ಕಿಂತ ಕಡಮೆಯಾಗಿತ್ತು. ದಾರಿಯ ಒಡೆತನ ಸರ್ಕಾರದ್ದೇ ಆಗಿ, ಕಂಪನಿಯು ಅದನ್ನು ಕಟ್ಟಿ ನಡೆಸುವ ಪ್ರತಿನಿಧಿಯಂತಿತ್ತು. ವೆಚ್ಚವನ್ನು ತಗ್ಗಿಸಲು ಹಳಿಗಳ ಅಂತರವನ್ನೂ ಕಿರಿದು ಮಾಡಿದ್ದರು. ಮದರಾಸು ರೈಲ್ವೆಯ ಹಳಿಗಳ ನಡುವೆ ಐದೂವರೆ ಅಡಿ ಅಂತರವಿದ್ದರೆ ಸದರನ್ ಮರಾಠಾ ರೈಲ್ವೆಯದು ಒಂದು ಮೀಟರ್. ಇದರಿಂದ ಕಟ್ಟುವಾಗ ಹಣ ಉಳಿಯಿತು. ಆದರೆ ಗುಂತಕಲ್ಲಿನಲ್ಲಿ ಎರಡು ಅಳತೆಯ ದಾರಿಗಳು ಕೂಡಿದಾಗ ಸರಕನ್ನೆಲ್ಲ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ತೊಂದರೆ ಬಂದಿತು. ಅಂದು ಉಳಿಸಿದ ಹಣಕ್ಕೆ ಮುಂದಿನ ತಲೆಮಾರುಗಳು ಹಮಾಲಿಯ ಕೂಲಿಯಲ್ಲಿಯೂ ಹೊತ್ತಿನಲ್ಲಿಯೂ ಬೆಲೆ ಕೊಟ್ಟುವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮಾರ್ಗವನ್ನು ಅಗಲ ಮಾಡಲಾಯಿತು.

ಆ ಕಾಲದಲ್ಲಿಯೇ ಬೇರೊಂದು ವಾದವೂ ಕೇಳಿಬಂದಿತ್ತು. ಗೋದಾವರಿ ನದಿಗೆ ಆಣೆಕಟ್ಟನ್ನು ಕಟ್ಟಿ ಹೆಸರಾಗಿದ್ದ ಇಂಜಿನಿಯರ್ ಆರ್ಥರ್ ಕಾಟನ್, ಈ ದೇಶಕ್ಕೆ ಮೊದಲು ಬೇಕಾದುದು ರೈಲಲ್ಲ, ನೀರು ಎಂದು ಸಾರಿದನು. ಕಾಲುವೆಗಳು ಹೊಲಕ್ಕೆ ನೀರನ್ನೂ ಕೊಡುತ್ತವೆ, ದೋಣಿಗಳಿಗೆ ದಾರಿಯನ್ನೂ ಕೊಡುತ್ತವೆ ಎಂಬುದು ಅವನ ವಾದ. ತುಂಗಭದ್ರೆಯ ನೀರನ್ನು ಬಳ್ಳಾರಿ, ಕರ್ನೂಲು, ಕಡಪ ಸೀಮೆಗಳಿಗೆ ಹರಿಸುವ ಉದ್ದೇಶದಿಂದ ಹುಟ್ಟಿದ ಮದರಾಸು ನೀರಾವರಿ ಕಂಪನಿಗೂ ಸರ್ಕಾರವು 10 ಲಕ್ಷ ಪೌಂಡು ಬಂಡವಾಳದ ಮೇಲೆ ಶೇಕಡ 5ರ ಖಾತರಿಯನ್ನು ಕೊಟ್ಟಿತು. ಆದರೆ ಆ ಹಣ ಕರ್ನೂಲು ಕಡಪ ಕಾಲುವೆಗೇ ಸಾಲದೆ ಹೋಯಿತು. ಬಳ್ಳಾರಿಯ ಜಲಾಶಯದ ಯೋಚನೆ ಕಾಗದದಲ್ಲಿಯೇ ಉಳಿಯಿತು. 1882ರಲ್ಲಿ ಸರ್ಕಾರವು ಆ ಕಾಲುವೆಯನ್ನು ತಾನೇ ಕೊಂಡುಕೊಂಡಿತು. ಖಾತರಿಯೊಂದೇ ಕೆಲಸವನ್ನು ಗೆಲ್ಲಿಸಲಾರದೆಂಬುದು ಇದರಿಂದ ತಿಳಿಯುತ್ತದೆ. ರಮೇಶಚಂದ್ರ ದತ್ತರು ಮುಂದೆ ಬ್ರಿಟಿಷರ ಆಳ್ವಿಕೆಯ ಆರ್ಥಿಕ ಚರಿತ್ರೆಯನ್ನು ಬರೆದಾಗ, ಆ ಶತಮಾನದಲ್ಲಿ ರೈಲಿಗೆ ಸುರಿದ ಹಣವು ನೀರಾವರಿಗೆ ಹಾಕಿದ ಹಣದ ಸುಮಾರು ಒಂಬತ್ತು ಪಟ್ಟು ಎಂದು ತೋರಿಸಿ ಆ ನೀತಿಯನ್ನು ಖಂಡಿಸಿದರು.

ಸಿರುಗುಪ್ಪವನ್ನು ನೋಡಿದರೆ ಈ ವಾದದಲ್ಲಿ ತಿರುಳಿದೆಯೆಂದು ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಯಾವ ರೈಲುದಾರಿಯೂ ಸಿರುಗುಪ್ಪವನ್ನಾಗಲಿ ಕುರುಗೋಡನ್ನಾಗಲಿ ಮುಟ್ಟಲಿಲ್ಲ. ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿಯಾಗಿ, ದೊಡ್ಡ ಬಸವಣ್ಣನ ಗುಡಿಯಿಂದ ಹೆಸರಾದ ಕುರುಗೋಡು ರೈಲಿನ ದಾರಿಗೆ ಹೊರಗೇ ಉಳಿಯಿತು. ಸಿರುಗುಪ್ಪಕ್ಕೆ ಮಾತ್ರ ಇನ್ನೊಂದು ಆಸರೆಯಿತ್ತು. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆಗಳಿಂದ ಹೊರಟ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳು ಅದರ ಗದ್ದೆಗಳಿಗೆ ನೀರೂಡುತ್ತಿದ್ದುವು. ಈ ನೀರು ಬಳ್ಳಾರಿಯ ಮೋಡವನ್ನು ನಂಬಿದುದಲ್ಲ. ಮಲೆನಾಡಿನಲ್ಲಿ ಬಿದ್ದ ಮಳೆಯನ್ನು ನಂಬಿದುದು. ರೈಲು ಬೇರೆ ಕಡೆಯ ಧಾನ್ಯವನ್ನು ತರುತ್ತದೆ. ಕಾಲುವೆ ಧಾನ್ಯವನ್ನು ಇದ್ದಲ್ಲಿಯೇ ಬೆಳೆಸುತ್ತದೆ. ಕಾಟನ್ನನ ಕಾಲದಲ್ಲಿ ಕಾಗದದ ಮೇಲಿದ್ದ ಜಲಾಶಯವು ಹೊಸಪೇಟೆಯ ಬಳಿ 1945ರಲ್ಲಿ ಆರಂಭವಾಗಿ 1953ರಲ್ಲಿ ನಿಂತಿತು. ಅದರ ನೀರಿನಿಂದ ಸಿರುಗುಪ್ಪದ ಸುತ್ತಿನ ಬತ್ತದ ಗದ್ದೆಗಳು ಇನ್ನಷ್ಟು ವಿಸ್ತಾರವಾದುವು.

ಹಾಗೆಂದು ರೈಲಿನಿಂದ ಒಳಿತಾಗಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ದಾರಿಯೂ ನೀರೂ ಒಂದಕ್ಕೊಂದು ಶತ್ರುಗಳಲ್ಲ. ಸಿರುಗುಪ್ಪದ ಅಕ್ಕಿ ದೂರದ ಪೇಟೆಗೆ ಹೋಗಬೇಕಾದರೆ ದಾರಿ ಬೇಕು. 1908ರಲ್ಲಿ ಮದರಾಸು ರೈಲ್ವೆಯ ದಾರಿಗಳ ಒಂದು ಭಾಗ ಮತ್ತು ಸದರನ್ ಮರಾಠಾ ರೈಲ್ವೆ ಕೂಡಿ ಒಂದೇ ಸಂಸ್ಥೆಯಾದುವು. 1944ರಲ್ಲಿ ಸರ್ಕಾರವು ಅದರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಲ್ಲಿ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಬಹುಭಾಗವು ಮೈಸೂರು ರಾಜ್ಯಕ್ಕೆ ಬಂದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ರಾಜ್ಯದ ಗಡಿ ಬದಲಾಯಿತು. ಹಳಿಗಳು ಮಾತ್ರ ಎರಡು ನಾಡುಗಳನ್ನು ಹಿಂದಿನಂತೆಯೇ ಹೊಲಿದುಕೊಂಡು ಉಳಿದುವು. ಹತ್ತಿಗಾಗಿ, ದಂಡಿಗಾಗಿ ಹಾಕಿದ ದಾರಿಯಲ್ಲಿ ಮುಂದೆ ಸಂಡೂರು ಹೊಸಪೇಟೆಗಳ ಕಬ್ಬಿಣದ ಅದಿರು ಸಾಗಿತು. ಓದಲು ಹೊರಟ ಮಕ್ಕಳೂ ಕೆಲಸ ಹುಡುಕಿ ಹೊರಟ ತಾಯಿತಂದೆಗಳೂ ಪ್ರಯಾಣ ಮಾಡಿದರು. ಹಾಕಿದವರ ಉದ್ದೇಶವನ್ನು ಮೀರಿ ಅದು ಜನರ ದಾರಿಯಾಯಿತು.

ಸರ್ಕಾರವು ದೊಡ್ಡ ಕೆಲಸಗಳಿಗೆ ನೆರವು ಕೊಡುವುದು ಅಂದಿಗೆ ಮುಗಿದ ಮಾತಲ್ಲ. ಖಾಸಗಿಯವರು ಒಬ್ಬೊಬ್ಬರೇ ಮಾಡಲಾರದ ಕೆಲಸಗಳು ಎಂದಿಗೂ ಇರುತ್ತವೆ. ಅವುಗಳಿಗೆ ಎಲ್ಲರ ಹಣದ ಆಸರೆ ಬೇಕಾಗುತ್ತದೆ. ಆದರೆ ಎಲ್ಲರ ಹಣವನ್ನು ಹೊಣೆಯಾಗಿ ಇಡುವಾಗ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಲಾಭ ಬಂದರೆ ಯಾರಿಗೆ? ನಷ್ಟ ಬಂದರೆ ಯಾರ ತಲೆಗೆ? ದಾರಿಯು ಯಾವ ಊರನ್ನು ಮುಟ್ಟುತ್ತದೆ, ಯಾವ ಊರನ್ನು ಬಿಟ್ಟುಹೋಗುತ್ತದೆ? ಬಳ್ಳಾರಿಗೆ ಮೊದಲ ಉಗಿಬಂಡಿ ಬಂದಾಗ ಅದರ ಹೊರೆಯನ್ನು ಹೊತ್ತ ರೈತನಿಗೆ ಈ ಪ್ರಶ್ನೆಗಳನ್ನು ಕೇಳುವ ಅವಕಾಶವಿರಲಿಲ್ಲ. ಲಂಡನ್ನಿನ ಷೇರುದಾರನಿಗೆ ಬರಹದ ಖಾತರಿ ದೊರೆತಿತ್ತು. ಕಂದಾಯ ಕಟ್ಟಿದವನಿಗೆ ಮಳೆಯ ಖಾತರಿಯೂ ಇರಲಿಲ್ಲ, ಅನ್ನದ ಖಾತರಿಯೂ ಇರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಬೆಳೆಯುತ್ತಿರುವ ನಮಗೆ ಆ ಪ್ರಶ್ನೆಗಳನ್ನು ಕೇಳುವ ಹಕ್ಕಿದೆ. ಹಕ್ಕನ್ನು ಬಳಸಬೇಕಾದರೆ ಲೆಕ್ಕವನ್ನು ಓದುವ ಅಭ್ಯಾಸವೂ ಇರಬೇಕು.

ಪದಗಳ ಅರ್ಥ

ಎರೆ – ಕಪ್ಪು ಮಣ್ಣಿನ ನೆಲ
ಹೇರೆತ್ತು – ಬೆನ್ನಿನ ಮೇಲೆ ಸರಕನ್ನು ಹೊರುವ ಎತ್ತು
ಹರದಾರಿ – ಸುಮಾರು ಮೂರು ಮೈಲಿ ದೂರ
ಖಾತರಿ – ಭರವಸೆ, ಹೊಣೆ
ಬೊಕ್ಕಸ – ಸರ್ಕಾರದ ಖಜಾನೆ
ಚಾವಡಿ – ಹಳ್ಳಿಯಲ್ಲಿ ಕಂದಾಯ ಮುಂತಾದ ವ್ಯವಹಾರ ನಡೆಯುವ ಸ್ಥಳ
ಕ್ಷಾಮ – ಬರಗಾಲ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ದತ್ತಮಂಡಲವೆಂದರೆ ಯಾವ ಪ್ರದೇಶ?
2. ಮದರಾಸು ಮತ್ತು ಮುಂಬಯಿಯ ಕಡೆಯ ರೈಲುದಾರಿಗಳು ಯಾವ ವರ್ಷ, ಎಲ್ಲಿ ಕೂಡಿದುವು?
3. ರಕ್ಷಣಾ ಮಾರ್ಗಗಳೆಂದು ಯಾವುದನ್ನು ಕರೆಯುತ್ತಿದ್ದರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಖಾತರಿ ಪದ್ಧತಿಯ ನಿಯಮಗಳನ್ನು ವಿವರಿಸಿರಿ.
2. ರೈಲು ಇದ್ದರೂ 1876ರ ಬರದಲ್ಲಿ ಜನರು ಏಕೆ ಸತ್ತರು?
3. ಆರ್ಥರ್ ಕಾಟನ್ನನ ವಾದವೇನು? ಸಿರುಗುಪ್ಪದ ಉದಾಹರಣೆಯು ಅದಕ್ಕೆ ಹೇಗೆ ಹೊಂದುತ್ತದೆ?

ಇ. ಲೆಕ್ಕ ಮಾಡಿ ಹೇಳಿರಿ.
ಒಂದು ಕಂಪನಿಯ ಬಂಡವಾಳ 2000 ರೂಪಾಯಿ. ಖಾತರಿಯ ಬಡ್ಡಿ ಶೇಕಡ 5. ಒಂದು ವರ್ಷ ಅದು 40 ರೂಪಾಯಿಯನ್ನೂ ಮರುವರ್ಷ 130 ರೂಪಾಯಿಯನ್ನೂ ಗಳಿಸಿತು. ಎರಡು ವರ್ಷಗಳಲ್ಲಿ ಸರ್ಕಾರವು ಕೊಟ್ಟದ್ದೆಷ್ಟು, ಹಿಂದಕ್ಕೆ ಪಡೆದದ್ದೆಷ್ಟು?

ಈ. ಸಂದರ್ಭದೊಡನೆ ವಿವರಿಸಿರಿ.
"ರೈಲು ನಿಲ್ದಾಣದಲ್ಲಿ ನಿಲ್ಲುತ್ತದೆ, ಹಸಿವು ಹಳ್ಳಿಯಲ್ಲಿರುತ್ತದೆ."